ಓಗೊಡದ ಕೂಗು

ನ್ಯಾಮತಿಯಲ್ಲಿ ಹತ್ತು ಹಾಸಿಗೆಯ ಒಂದು ಸಣ್ಣ ಆಸ್ಪತ್ರೆ ಇದೆ. ಅಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಸಿಸ್ಟರ್. ಹೆಸರು ಲಕ್ಷ್ಮೀದೇವಿ, ಊರು ಗೋವಿನಕೋವಿ. ನನ್ನ ಬಾಯಿ ಜೋರು ಅಂತ ಜನ ಹೇಳುತ್ತಾರೆ, ಅದೇನೂ ಸುಳ್ಳಲ್ಲ. ಸೂಜಿ ಕಂಡ ಕೂಡಲೇ ಅಳುವ ಮೀಸೆ ಗಂಡಸರನ್ನು ಬೈದು ಬೈದು ಬಾಯಿ ಹಾಗಾಗಿದೆ. ಇಷ್ಟು ವರ್ಷದಲ್ಲಿ ಎಂಟು ಜನ ಡಾಕ್ಟರು ಬಂದರು, ಹೋದರು. ಅವರಲ್ಲಿ ಯಾರ ಬಗ್ಗೆಯೂ ಕೂತು ಹೇಳಬೇಕು ಅಂತ ನನಗೆ ಅನ್ನಿಸಿದ್ದಿಲ್ಲ. ರೂಪಶ್ರೀ ಮೇಡಂ ಬಗ್ಗೆ ಮಾತ್ರ ಹೇಳಬೇಕು.

ಮೇಡಂ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದವರು, ವಯಸ್ಸು ಇಪ್ಪತ್ತೇಳು. ಎಂಬಿಬಿಎಸ್ ಓದಿದ್ದು ಚೀನಾದಲ್ಲಿ. ಬಂದ ಹೊಸದರಲ್ಲಿ ನಮ್ಮ ಜನ ನಕ್ಕಿದ್ದೇ ನಕ್ಕಿದ್ದು. ಚೀನಾ ಮೊಬೈಲ್ ಥರ ಈ ಡಾಕ್ಟರಮ್ಮ ಎಷ್ಟು ದಿನ ಬಾಳಿಕೆ ಬರ್ತಾರೋ ಅಂತ ಔಷಧಿ ಅಂಗಡಿಯ ಮುಂದೆ ನಿಂತು ಆಡಿಕೊಂಡರು. ಮೂರು ತಿಂಗಳಾದ ಮೇಲೆ ಅದೇ ಜನ ಬೇರೆ ಡಾಕ್ಟರು ಕೂತಿದ್ದರೆ ಚೀಟಿ ಮಾಡಿಸದೆ ವಾಪಸ್ಸು ಹೋಗತೊಡಗಿದರು. ಅಷ್ಟು ನಿಧಾನದ ಕೈ, ಅಷ್ಟು ತಾಳ್ಮೆ. ಒಂದೇ ಒಂದು ವಿಚಿತ್ರ ಇತ್ತು. ಯಾರೇ ಹಿಂದಿನಿಂದ ಕರೆದರೂ ಈ ಹುಡುಗಿ ಬೆಚ್ಚಿಬಿದ್ದು ಕರೆದವರ ಕಡೆ ಓಡುತ್ತಿದ್ದರು.

ನಡೆದು ಹೋಗುವುದಲ್ಲ, ಓಡುವುದು. ಊಟದ ಡಬ್ಬಿ ಅರ್ಧಕ್ಕೆ ಬಿಟ್ಟು ಎಂಜಲು ಕೈಯಲ್ಲಿ ಓಡುತ್ತಿದ್ದರು. ಹೋದ ಜೂನಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಒಬ್ಬ ಅಜ್ಜ, ಫ್ಯಾನು ಜೋರು ಮಾಡಿಸಲಿಕ್ಕೆ "ಡಾಕ್ಟ್ರವ್ವಾ" ಅಂತ ಒಂದು ಸಲ ಕರೆದ. ಮೇಡಂ ಕೈ ತೊಳೆಯುತ್ತಿದ್ದವರು ನಲ್ಲಿ ಕೂಡ ನಿಲ್ಲಿಸದೆ ಓಡಿ, ಒದ್ದೆ ನೆಲದಲ್ಲಿ ಜಾರಿ ಬಿದ್ದರು. ಮೊಣಕೈ ಒಡೆಯಿತು. ನಾನು ಅಯೋಡಿನ್ ಹಚ್ಚುತ್ತಾ ಚೆನ್ನಾಗಿ ಬೈದೆ. ಕರೆದವರೆಲ್ಲ ಸಾಯ್ತಿದಾರೆ ಅನ್ನೋ ಹಾಗೆ ಓಡಿದರೆ ನಾಳೆ ನಿಮಗೇ ಡ್ರಿಪ್ ಹಾಕಬೇಕಾಗುತ್ತೆ, ಒಂದು ಸಲ ಕರೆದು ಸಿಗದಿದ್ದರೆ ಅವರೇ ಇನ್ನೊಂದು ಸಲ ಕರೆಯುತ್ತಾರೆ ಅಂದೆ.

ಮೇಡಂ ನನ್ನ ಮುಖ ನೋಡಿದರು. "ಎಲ್ಲರೂ ಇನ್ನೊಂದು ಸಲ ಕರೆಯಾಕೆ ಆಗಲ್ಲ ಸಿಸ್ಟರ್" ಅಂದರು. ಅದು ಪೆಟ್ಟು ಬಿದ್ದ ನೋವಿಗೆ ಆಡಿದ ಮಾತಲ್ಲ ಅಂತ ನನಗೆ ಗೊತ್ತಾಯಿತು. ನಾನು ಬಾಗಿಲು ಮುಂದೆ ಮಾಡಿ ಸ್ಟೂಲು ಎಳೆದುಕೊಂಡು ಕೂತೆ. ಆ ಮಧ್ಯಾಹ್ನ ಒಪಿಡಿ ಖಾಲಿ ಇತ್ತು. ಅವರು ಏಳು ವರ್ಷದ ಹಿಂದಿನ ಒಂದು ದಿನದ ಕಥೆ ಹೇಳಿದರು.

ಆ ದಿನಕ್ಕೆ ಹೋಗುವ ಮುಂಚೆ ಅವರ ಅಜ್ಜಿಯ ವಿಷಯ ಹೇಳಬೇಕು. ಮೇಡಂಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡರು. ಸಾಕಿದ್ದು ತಾಯಿಯ ತಾಯಿ ಕರಿಯಕ್ಕ. ಅಜ್ಜಿಯ ಊರು ಸೂಳೆಕೆರೆಯ ಅಂಚಿನಲ್ಲಿ. ಮನೆಯ ಹಿಂದೆ ನಾಲ್ಕು ಗದ್ದೆ ದಾಟಿದರೆ ಆ ಸಮುದ್ರದಂಥ ನೀರು. ಮೊಮ್ಮಗಳು ನೀರಿನ ಕಡೆ ಹೋದಾಳೆಂದು ಅಜ್ಜಿಗೆ ಹಗಲೂ ಹೆದರಿಕೆ. ಅದಕ್ಕೇ ಇರಬೇಕು, ಒಂದು ಮಾತನ್ನು ಅನ್ನದ ತುತ್ತಿನ ಜೊತೆ ಕಲೆಸಿ ಕೊಟ್ಟಿದ್ದಳು. ಒಂಟಿಯಾಗಿರುವಾಗ, ನೀರಿನ ಹತ್ತಿರ, ಗುಡ್ಡದ ಹತ್ತಿರ, ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ಓ ಅನ್ನಬಾರದು, ತಿರುಗಿಯೂ ನೋಡಬಾರದು. ಮೂರು ಸಲ ಕರೆಯಲಿ, ಆಮೇಲೆ ಓ ಅನ್ನು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಅದು ಎರಡೇ ಸಲ ಕರೆಯೋದು, ಮೂರನೇ ಸಲಕ್ಕೆ ಅದಕ್ಕೆ ಉಸಿರಿಲ್ಲ. 'ಅದು' ಅಂದರೆ ಏನು ಅಂತ ಅಜ್ಜಿ ಯಾವತ್ತೂ ಬಿಡಿಸಿ ಹೇಳಲಿಲ್ಲ.

ನನಗೆ ಇಂಥದ್ದು ಕೇಳಿದರೆ ಮೈ ಉರಿಯುತ್ತದೆ. ನಮ್ಮಪ್ಪ ಮನೆಗೆ ಬುದ್ಧನ ಫೋಟೊ ತಂದು ಮೊಳೆ ಹೊಡೆದ ದಿನವೇ ದೆವ್ವ, ಗಾಳಿ, ನಿಂಬೆಹಣ್ಣು ಎಲ್ಲ ಬಂದ್. ಆದರೆ ಗೋವಿನಕೋವಿಯಲ್ಲಿ ನಾನು ಚಿಕ್ಕವಳಿದ್ದಾಗ ಓರಗೆಯ ಹುಡುಗಿಯರೆಲ್ಲ ಹಾಗೇ ಇದ್ದರು, ಹೊಳೆ ದಾರಿಯಲ್ಲಿ ಒಂದು ಸಲ ಕರೆದರೆ ಒಬ್ಬಳೂ ತಿರುಗುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ಡಾಕ್ಟರಿಕೆ ಓದುವವಳ ತಲೆಯಿಂದಲೂ ಅದು ಹೋಗಿರಲಿಲ್ಲ.

ಚೀನಾದ ಹಾಸ್ಟೆಲಿನಲ್ಲಿ ಅದನ್ನು ಕಂಡುಹಿಡಿದವನು ತಿಪ್ಪೇರುದ್ರ, ಜಗಳೂರಿನ ಹುಡುಗ. ಅವನಿಗೆ ತಂದೆ ಇರಲಿಲ್ಲ. ಅಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡು ಹೊಲ ನೋಡುತ್ತಿದ್ದ, ತಾಯಿ ದುರುಗಕ್ಕ ಮನೆ ನೋಡುತ್ತಿದ್ದಳು. ಇಡೀ ಬ್ಯಾಚಿನಲ್ಲಿ ನಮ್ಮ ಕಡೆಯವರು ಅಂದರೆ ಇವರಿಬ್ಬರೇ. ಅಲ್ಲಿನ ಮೇಷ್ಟರುಗಳು ಬಾಯಿ ತಿರುಗದೆ ಎಲ್ಲರಿಗೂ ಒಂದೊಂದು ಚೀನೀ ಹೆಸರಿಟ್ಟಿದ್ದರು. ಆ ದೇಶದಲ್ಲೆಲ್ಲ ಇವರನ್ನು ರೂಪಾ ಅಂತ ಕರೆಯುತ್ತಿದ್ದವನು ತಿಪ್ಪೇರುದ್ರ ಒಬ್ಬನೇ. ಒಂದು ಸಲ ಕರೆದರೆ ಇವಳು ತಿರುಗುವುದಿಲ್ಲ ಅಂತ ಗೊತ್ತಾದ ಮೇಲೆ "ರೂಪಾ ರೂಪಾ ರೂಪಾ" ಅಂತ ಒಂದೇ ಉಸಿರಿಗೆ ಮೂರು ಸಲ ಕರೆಯುತ್ತಿದ್ದ. ನಿಮ್ಮಜ್ಜಿ ಲೆಕ್ಕ ಮುಗೀತು, ಈಗ ತಿರುಗಿ ನೋಡು ತಾಯಿ ಅಂತ ರೇಗಿಸುತ್ತಿದ್ದ. ನಾನು ಕೆಟ್ಟ ಕುತೂಹಲದವಳು, ಪ್ರೀತಿ ಗೀತಿ ಏನಾದರೂ ಇತ್ತಾ ಅಂತ ಕೇಳಿಯೇಬಿಟ್ಟೆ. ಚಟ್ನಿಪುಡಿ ಹಂಚಿಕೊಳ್ಳುವಷ್ಟು ಇತ್ತು ಅಂದರು ಮೇಡಂ.

ಮೂರನೇ ವರ್ಷ, ನವೆಂಬರ್ ತಿಂಗಳು. ಪೆಥಾಲಜಿ ಪರೀಕ್ಷೆ ಮುಗಿದ ಮಾರನೆಯ ದಿನ ಶನಿವಾರ. ಎಲ್ಲಾದರೂ ಊರು ನೋಡಿಕೊಂಡು ಬರೋಣ ಅಂತ ಇಬ್ಬರೂ ಬೆಳಗ್ಗೆ ಬಸ್ಸು ಹತ್ತಿದರು. ಎರಡು ಗಂಟೆ ದಾರಿಯಲ್ಲಿ ಒಂದು ಬೆಟ್ಟ. ಬುಡದಿಂದ ತುದಿಯವರೆಗೆ ಕಲ್ಲಿನ ಮೆಟ್ಟಿಲು, ಮೂರು ಸಾವಿರಕ್ಕೂ ಮೇಲೆ. ತುದಿಯಲ್ಲಿ ಹಳೆಯ ದೇವಸ್ಥಾನ. ಮುದುಕರು ಬಿದಿರಿನ ಅಡ್ಡೆ ಹೊತ್ತು ನೀರಿನ ಬಾಟಲಿಗಳನ್ನು ಮೇಲಕ್ಕೆ ಸಾಗಿಸುತ್ತಿದ್ದರು. ದಾರಿಯ ಪಕ್ಕ ಬೇಯಿಸಿದ ಮೆಕ್ಕೆಜೋಳದ ತೆನೆ ಮಾರುತ್ತಿದ್ದರು. ನಮ್ಮಣ್ಣ ಇದನ್ನ ಲೋಡುಗಟ್ಟಲೆ ಮಾರ್ತಾನೆ, ನಾನು ಇಲ್ಲಿಗೆ ಬಂದು ಒಂದು ತೆನೆಗೆ ಫೋನ್ ಒತ್ತಿ ದುಡ್ಡು ಕೊಡಬೇಕಲ್ಲ ಅಂತ ತಿಪ್ಪೇರುದ್ರ ನಕ್ಕಿದ್ದ. ತಾಯಿ ಕಳಿಸಿದ ಉಣ್ಣೆ ಟೋಪಿ ಕಿವಿ ಮುಚ್ಚುವ ಹಾಗೆ ಹಾಕಿಕೊಂಡಿದ್ದ. ಸೂಟಿಯಲ್ಲಿ ಊರಿಂದ ತಂದ ಮಂಡಕ್ಕಿ ಚೀಲದ ತಳದಲ್ಲಿ ಉಳಿದಿತ್ತು. ಅದಕ್ಕೆ ಈರುಳ್ಳಿ ಹೆಚ್ಚಿ, ಖಾರಪುಡಿ ಕಲೆಸಿ, ಮೆಟ್ಟಿಲ ಮೇಲೆ ಕೂತು ತಿಂದರು. ಕೆಂಪು ಟೋಪಿ ಹಾಕಿಕೊಂಡ ಅಜ್ಜಿಯರ ಗುಂಪೊಂದು ಬಂದು ಇವರ ಜೊತೆ ಫೋಟೊ ಹೊಡೆಸಿಕೊಂಡಿತು. ಒಬ್ಬ ಅಜ್ಜಿ ಮೇಡಂ ಹಣೆಯ ಬೊಟ್ಟನ್ನು ಬೆರಳಿಂದ ಮುಟ್ಟಿ ನೋಡಿದಳಂತೆ.

ದೇವಸ್ಥಾನದಲ್ಲಿ ಹೊಟ್ಟೆ ದಪ್ಪದ, ನಗುವ ಬುದ್ಧ ಇದ್ದ ಅಂದರು. ನಮ್ಮಪ್ಪನ ಬುದ್ಧ ಹಂಗಿಲ್ಲವಲ್ಲ ಅಂತ ನಾನು ತಡೆದು ಕೇಳಿದೆ. ಮೇಡಂ ಆ ಮಧ್ಯಾಹ್ನ ನಕ್ಕಿದ್ದು ಅದೊಂದೇ ಸಲ. ಅಲ್ಲಿಂದಲೇ ತಿಪ್ಪೇರುದ್ರ ತಾಯಿಗೆ ವಿಡಿಯೊ ಕಾಲ್ ಮಾಡಿದ. ಅಲ್ಲಿ ಹನ್ನೆರಡೂವರೆ, ಜಗಳೂರಿನಲ್ಲಿ ಹತ್ತು ಗಂಟೆ. ದುರುಗಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಫೋನಿಗೆ ಕೈ ಮುಗಿದಳು. ಇಬ್ಬರೂ ಜೊತೆಗೇ ಇರಿ, ಒಬ್ಬರನ್ನೊಬ್ಬರು ಬಿಟ್ಟು ಹೋಗಬೇಡಿ ಅಂತ ಮೇಡಂಗೂ ಹೇಳಿದಳು. ಆಯ್ತಮ್ಮ ಅಂದಿದ್ದರು ಇವರು.

ಇಳಿಯಲಿಕ್ಕೆ ಶುರು ಮಾಡಿದಾಗ ಎರಡೂವರೆ. ಮಂಜು ಮುಸುಕಿತು. ನಾಲ್ಕು ಮೆಟ್ಟಿಲು ಕೆಳಗೆ ಏನಿದೆ ಅಂತ ಕಾಣದಷ್ಟು. ಜನ ಅಷ್ಟು ಹೊತ್ತಿಗೇ ಇಳಿದು ಹೋಗಿದ್ದರು. ತಿಪ್ಪೇರುದ್ರನಿಗೆ ನಿಧಾನ ಅನ್ನುವುದೇ ಗೊತ್ತಿರಲಿಲ್ಲ. ಕೆಳಗೆ ಟೀ ಅಂಗಡಿಯಲ್ಲಿ ಕಾಯ್ತೀನಿ ಅಂತ ಹೇಳಿ ಎರಡೆರಡು ಮೆಟ್ಟಿಲು ಹಾರುತ್ತಾ ಮುಂದೆ ಹೋದ. ಅವನ ಟೋಪಿ ಮಂಜಿನಲ್ಲಿ ಕಾಣದಾಯಿತು. ಮೇಡಂ ಮೆಟ್ಟಿಲ ಅಂಚಿಗೆ ಕಟ್ಟಿದ್ದ ಸರಪಳಿ ಹಿಡಿದುಕೊಂಡು ಒಬ್ಬರೇ ಇಳಿದರು. ದಾರಿಯಲ್ಲಿ ಒಂದು ಕಲ್ಲಿನ ಮಂಟಪ, ಅದರ ಪಕ್ಕ ಹಗ್ಗ ಕಟ್ಟಿ ಮುಚ್ಚಿದ ಒಂದು ಕಾಲುದಾರಿ. ಅದನ್ನು ದಾಟಿ ಐವತ್ತು ಮೆಟ್ಟಿಲು ಇಳಿದಿರಬಹುದು. ಹಿಂದಿನಿಂದ, ಮೇಲಿನಿಂದ, ಯಾರೋ ಕರೆದರು.

"ರೂಪಾ."

ಮೇಡಂ ನಿಂತುಬಿಟ್ಟರು. ತಿಪ್ಪೇರುದ್ರ ಮುಂದೆ ಹೋಗಿದ್ದಾನೆ, ಕಣ್ಣಾರೆ ನೋಡಿದ್ದಾರೆ. ಹಿಂದೆ ಯಾರೂ ಇಲ್ಲ. ಆ ಹೆಸರು ಹಿಡಿದು ಕರೆಯುವವರು ಆ ಬೆಟ್ಟದಲ್ಲಿ ಇನ್ನು ಯಾರೂ ಇರಲಿಕ್ಕೆ ಸಾಧ್ಯವಿಲ್ಲ. ಅವನೇ ಆಗಿದ್ದರೆ ಒಂದೇ ಉಸಿರಿಗೆ ಮೂರು ಸಲ ಕರೆಯುತ್ತಿದ್ದ. ಅಜ್ಜಿ ಹೇಳಿದ ಹಾಗೇ ಗುಡ್ಡ, ಒಂಟಿ, ಹಿಂದಿನಿಂದ ಹೆಸರು. ತಿರುಗಲಿಲ್ಲ. ಓ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಕೇಳಿತು, ಇನ್ನೂ ಎಳೆದ ದನಿಯಲ್ಲಿ, ರೂಪಾ ಅಂತ. ಸರಪಳಿ ಹಿಡಿದು ಕಣ್ಣು ಮುಚ್ಚಿ ಮೂರನೆಯದಕ್ಕೆ ಕಾದರು. ಕರೆಯಲಿಲ್ಲ. ಅಜ್ಜಿ ಹೇಳಿದ್ದು ನಿಜ ಅಂದುಕೊಂಡು ಕೆಳಗೆ ಇಳಿದರು.

ಇಷ್ಟನ್ನು ಮೇಡಂ ನನಗೆ ಗೋಡೆ ನೋಡಿಕೊಂಡು ಹೇಳಿದರು.

ಕೆಳಗೆ ಟೀ ಅಂಗಡಿಯಲ್ಲಿ ಅವನಿರಲಿಲ್ಲ. ಎಲ್ಲೋ ಫೋಟೊ ತೆಗೆಯುತ್ತಾ ನಿಂತಿರಬೇಕು ಅಂತ ಎರಡು ಲೋಟ ಬಿಸಿ ಸೋಯಾ ಹಾಲು ತೆಗೆದುಕೊಂಡು ಕೂತರು. ಅವನಿಗೆ ಈ ದೆವ್ವದ ಕಥೆ ಹೇಳಬೇಕು, ಇವತ್ತಾದರೂ ನಂಬುತ್ತಾನೆ ಅಂತ ಒಳಗೇ ಖುಷಿಯಂತೆ. ಕಾಲು ಗಂಟೆ ಕಾದರು. ಅವನ ಲೋಟ ಆರಿಹೋಯಿತು, ಫೋನು ಹತ್ತಲಿಲ್ಲ. ಆಮೇಲೆ ಮೆಟ್ಟಿಲು ಗುಡಿಸುವ ಒಬ್ಬ ಹೆಂಗಸು ಪೊರಕೆ ಎಸೆದು ಓಡುತ್ತಾ ಇಳಿದು ಬಂದಳು.

ಮಂಟಪದ ಪಕ್ಕದ ಆ ಕಾಲುದಾರಿಗೆ ಅವನು ಯಾಕೆ ಹೋದ ಅಂತ ಯಾರಿಗೂ ಗೊತ್ತಿಲ್ಲ. ಹಗ್ಗ ದಾಟಿ ಹೋಗಿದ್ದಾನೆ, ಹಾವಸೆ ಕಲ್ಲಿನ ಮೇಲೆ ಜಾರಿದ್ದಾನೆ. ಒಂದು ಮರದ ಬೇರು ಹಿಡಿದು ನೇತಾಡಿದ್ದಾನೆ. ಇನ್ನೂ ಮೇಲೆ ಗುಡಿಸುತ್ತಿದ್ದ ಆ ಹೆಂಗಸಿಗೆ ಕೂಗು ಕೇಳಿಸಿ, ಮಂಜಿನಲ್ಲಿ ತಡಕಾಡುತ್ತಾ ಬರುವಷ್ಟರಲ್ಲಿ ಬೇರು ಮಾತ್ರ ಅಲುಗುತ್ತಿತ್ತು. ಬಿದ್ದದ್ದು ತಾಳೆಮರದುದ್ದದ ಮೂರು ಪಟ್ಟು ಆಳಕ್ಕೆ. ಮೇಡಂ ನಿಂತಿದ್ದ ಜಾಗದಿಂದ ಆ ಬೇರು ಐವತ್ತೇ ಮೆಟ್ಟಿಲು ಮೇಲೆ ಇತ್ತು.

ಪೊಲೀಸರು ಬಂದರು, ಕಾಲೇಜಿನಿಂದ ಒಬ್ಬ ಮೇಷ್ಟ್ರು ಬಂದರು. ಗುಡಿಸುವ ಹೆಂಗಸು ಹೇಳಿದ್ದನ್ನು ಮೇಷ್ಟ್ರು ಇಂಗ್ಲಿಷಿನಲ್ಲಿ ಮೇಡಂಗೆ ಹೇಳಿದರು. ಬೀಳುವ ಮುಂಚೆ ಅವನು ಏನೋ ಒಂದು ಮಾತು ಕೂಗುತ್ತಿದ್ದ, ರೂಪಾ, ರೂಪಾ ಅಂತ. ನಿಮ್ಮ ಭಾಷೆಯಲ್ಲಿ ಹಾಗಂದರೆ ಏನು? ಕಾಲೇಜಿನ ಕಾಗದದಲ್ಲೆಲ್ಲ ಇವರಿಗೆ ಆ ಚೀನೀ ಹೆಸರು. ಅದು ಹೆಸರು ಅಂತ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೇಡಂ, ಹೆದರಿಕೆಯಾದಾಗ ನಮ್ಮ ಕಡೆ ಹಾಗೆ ಕೂಗುತ್ತಾರೆ ಅಂದುಬಿಟ್ಟರು. ಪೊಲೀಸಿನವನು ಅದನ್ನೇ ಬರೆದುಕೊಂಡ. ಆ ದೇಶದ ಯಾವುದೋ ಫೈಲಿನಲ್ಲಿ ಅದು ಇವತ್ತಿಗೂ ಹಾಗೇ ಇದೆ.

ದೇಹ ಜಗಳೂರಿಗೆ ಬರಲಿಕ್ಕೆ ಹದಿನೇಳು ದಿನ ಹಿಡಿಯಿತು. ಪೆಟ್ಟಿಗೆ ತೆಗೆಯಬೇಡಿ ಅಂದಿದ್ದರಂತೆ, ತೆಗೆಯಲಿಲ್ಲ. ದುರುಗಕ್ಕ ಮಗನ ಮುಖ ನೋಡದೆ ಮಣ್ಣು ಮಾಡಿದಳು.

ಮೇಡಂ ಓದು ಮುಗಿಸಿದರು. ಕೊರೊನಾ ಬಂದು ಊರಿಗೆ ಮರಳಿದ ವರ್ಷದಿಂದ, ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಜಗಳೂರಿಗೆ ಹೋಗಿ ಬರುತ್ತಿದ್ದರು. ಪ್ರತಿ ವರ್ಷ ಇವತ್ತು ಹೇಳಿಬಿಡುತ್ತೇನೆ ಅಂತ ಹೋಗುವುದು, ಹೇಳದೆ ಬರುವುದು. ಹೇಗೆ ಹೇಳುತ್ತಾರೆ? ಆ ತಾಯಿ ಇವರನ್ನು ಬಿಸಿನೀರು ಕಾಯಿಸಿ ತಲೆಗೆ ಎರೆದು, ಒದ್ದೆ ಕೂದಲು ಒರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಉಣಿಸುತ್ತಿದ್ದಳು. ನನ್ನ ಮಗನ ಜೊತೆ ಕೊನೆಗಿದ್ದ ಜೀವ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾಲ್ಕು ವರ್ಷಕ್ಕೇ ತಾಯಿ ಕಳಕೊಂಡ ಹುಡುಗಿಗೆ ಸಿಕ್ಕಿದ ತಾಯಿ ಅದು. ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ ಉಣ್ಣುವ ಒಂದೊಂದು ತುತ್ತೂ ಕದ್ದದ್ದು.

ಕೇಳಿ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಾರೆ. ಅಜ್ಜಿಯ ಮೇಲಿರಬಹುದು, ಅವಳು ಸತ್ತು ಆರು ವರ್ಷ. ಈ ವರ್ಷ ನಾನೂ ಬರ್ತೀನಿ ಮೇಡಂ, ನೀವು ಹೇಳದೆ ಎದ್ದರೆ ಕೈ ಹಿಡಿದು ಕೂರಿಸ್ತೀನಿ ಅಂದೆ. ದೊಡ್ಡ ಧೈರ್ಯದವಳ ಹಾಗೆ ಮಾತಾಡಿದೆ.

ಸೆಪ್ಟೆಂಬರಿನಲ್ಲಿ ಅಮಾವಾಸ್ಯೆ ಬಂತು. ಬೆಳಗ್ಗೆ ಆರಕ್ಕೆ ನ್ಯಾಮತಿ ಬಿಟ್ಟು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ದಾವಣಗೆರೆಗೆ ಹೋಗಿ ಜಗಳೂರು ಬಸ್ಸು ಹಿಡಿದೆವು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ, ದಾರಿಯುದ್ದಕ್ಕೂ ಏನೇನೋ ಮಾತಾಡಿದೆ. ಸೀಟಿನ ಹಿಂದೆ ಕಂಡಕ್ಟರ್ ಯಾರನ್ನೋ ಕೂಗಿದಾಗ ಮೇಡಂ ಎದ್ದು ನಿಂತರು, ಆಮೇಲೆ ತಾವೇ ಕೂತರು.

ದುರುಗಕ್ಕ ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ನನ್ನನ್ನು ಕಂಡವಳೇ ನಮ್ಮ ಹುಡುಗಿನ ಚೆಂದಾಗಿ ನೋಡ್ಕೊಳ್ತೀರಂತೆ ಅಂತ ಕೈ ಹಿಡಿದಳು. ನಡುಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಬಾಳೆಲೆ ತುಂಬ ಹೋಳಿಗೆ, ಅನ್ನ, ವಡೆ, ಸಾರು. ಪಕ್ಕದ ತಟ್ಟೆಯಲ್ಲಿ ಅವನಿಗೆ ಇಷ್ಟವಾದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಡಿಸಿಟ್ಟ ಹೊಸ ಅಂಗಿ. ಗೋಡೆಯಲ್ಲಿ ಅವನ ಫೋಟೊ, ಉದ್ದ ಮುಖ, ನಗುವ ಹಲ್ಲು. ಅವರ ಮನೆಯಲ್ಲಿ ಒಂದು ಪದ್ಧತಿ. ಎಡೆ ಇಟ್ಟು ದೀಪ ಹಚ್ಚಿದ ಮೇಲೆ ಒಬ್ಬರು ಸತ್ತವರ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಕರೆದು, ಬಾಗಿಲು ಮುಂದೆ ಮಾಡಿ, ಮನೆ ಮಂದಿಯೆಲ್ಲ ಹೊರಗೆ ಕೂರಬೇಕು. ಸತ್ತವರು ಬಂದು ಉಂಡು ಹೋಗುತ್ತಾರೆ ಅಂತ ನಂಬಿಕೆ.

ದೀಪ ಹಚ್ಚಿ ದುರುಗಕ್ಕ ಮೇಡಂ ಕಡೆ ತಿರುಗಿದಳು.

"ಇಷ್ಟು ವರ್ಷ ನಾನೇ ಕರೆದೆ ಕಣವ್ವ. ಬಂದು ಉಂಡ ಅಂತ ನನ್ನ ಜೀವಕ್ಕೆ ಒಂದು ಸಲನೂ ಅನ್ಸಿಲ್ಲ. ಈ ಸಲ ನೀನು ಕರಿ. ಕೊನೇಗೆ ಜೊತೆಗಿದ್ದವಳು ನೀನು, ನೀನು ಕರೆದ್ರೆ ಬರ್ತಾನೆ."

ಮೇಡಂ ಹೊಸ್ತಿಲ ಹತ್ತಿರ ಕೂತರು. ನಾನು ಕೈ ಹಿಡಿಯಬೇಕಾಗಲಿಲ್ಲ.

"ನಾನು ಕರೆಯಾಕೆ ಆಗಲ್ಲಮ್ಮ. ಅವನು ಕರೆದಾಗ ನಾನು ಓ ಅನ್ನಲಿಲ್ಲ."

ಆಮೇಲೆ ಎಲ್ಲ ಹೇಳಿದರು. ಅಜ್ಜಿಯ ಮಾತು, ಮಂಜು, ಹಿಂದಿನಿಂದ ಬಂದ ಎರಡು ಕೂಗು, ಸೋಯಾ ಹಾಲು ಹಿಡಿದು ಕೂತದ್ದು, ಪೊಲೀಸರಿಗೆ ಹೇಳಿದ ಸುಳ್ಳು. ಒಂದು ಕಡೆಯೂ ತಮ್ಮನ್ನು ಉಳಿಸಿಕೊಳ್ಳಲಿಲ್ಲ. ತಿರುಗಿ ಐವತ್ತು ಮೆಟ್ಟಿಲು ಹತ್ತಿದ್ದರೆ ನಿಮ್ಮ ಮಗ ಇವತ್ತು ಈ ಮನೆಯಲ್ಲಿ ಇರುತ್ತಿದ್ದ ಅಂತ ನೇರವಾಗಿ ಹೇಳಿದರು. ಕಿಟಕಿಯ ಹೊರಗೆ ನಿಂತಿದ್ದ ತಿಪ್ಪೇರುದ್ರನ ಅಣ್ಣ ತಲೆ ತಗ್ಗಿಸಿಕೊಂಡು ಅಂಗಳಕ್ಕೆ ಹೋದ.

ದುರುಗಕ್ಕ ಕಿರುಚಾಡಲಿಲ್ಲ. ಅವಳು ಹೊಡೆಯಬಹುದು, ತಡೆಯಬೇಕು ಅಂತ ನಾನು ಮುಂದೆ ಸರಿದಿದ್ದೆ. ಅವಳು ದೀಪದ ಬತ್ತಿಯನ್ನು ಎರಡು ಸಲ ಸರಿ ಮಾಡಿದಳು, ಸರಿಯಾಗಿಯೇ ಇತ್ತು ಅದು. ಆಮೇಲೆ ಮೇಡಂ ಮುಖ ನೋಡದೆ ಒಂದೇ ಮಾತು ಕೇಳಿದಳು.

"ನನ್ನ ಕರೆದ್ನಾ?"

ಮೇಡಂ ತಲೆ ಎತ್ತಿದರು.

"ಇಲ್ಲಮ್ಮ. ನನ್ನ ಹೆಸರು ಅಷ್ಟೆ. ಎರಡು ಸಲ."

"ಕರೀಲಿಲ್ಲ," ಅಂದಳು ದುರುಗಕ್ಕ. ಚಿಕ್ಕವನಿದ್ದಾಗ ಕಾಲಿಗೆ ಮುಳ್ಳು ಚುಚ್ಚಿದರೂ ಓಣಿಯೆಲ್ಲ ಕೇಳುವ ಹಾಗೆ ಅವ್ವಾ ಅಂತ ಕೂಗೋನು ಅಂದಳು. ಅದನ್ನು ನಮಗೆ ಹೇಳಿದಳೋ ಫೋಟೊಕ್ಕೆ ಹೇಳಿದಳೋ ಗೊತ್ತಿಲ್ಲ. ಆಮೇಲೆ ಎದ್ದು ಎಡೆಯ ಮುಂದೆ ನಿಂತು, ತಿಪ್ಪಾ, ಉಣ್ಣಾಕೆ ಬಾರಪ್ಪ ಅಂತ ತಾನೇ ಕರೆದಳು. ಬಾಗಿಲು ಮುಂದೆ ಮಾಡಿದಳು. ನಾವೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತೆವು. ಒಳಗೆ ಸದ್ದಿರಲಿಲ್ಲ. ದೆವ್ವ ಭೂತ ನಂಬದ ನಾನು ಕೂಡ ಆ ಮುಚ್ಚಿದ ಬಾಗಿಲಿನ ಕಡೆ ಕಿವಿ ಇಟ್ಟು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ಊಟಕ್ಕೆ ಬಡಿಸಿದಳು. ಹೋಳಿಗೆಗೆ ತುಪ್ಪ ಹಾಕಿದಳು. ಮೇಡಂ ಎಲೆಗೂ ಹಾಕಿದಳು, ನನ್ನ ಎಲೆಗೂ ಹಾಕಿದಳು, ಎರಡಕ್ಕೂ ಒಂದೇ ಸಮ. ಪಕ್ಕದಲ್ಲಿ ಕೂರಲಿಲ್ಲ. ಹೊರಡುವಾಗ ಮೇಡಂ ಕಾಲಿಗೆ ಬಿದ್ದರು. "ಮುಂದಿನ ವರ್ಷ ಬರಬ್ಯಾಡವ್ವ," ಅಂದಳು ದುರುಗಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ನೋಡಿದ್ರೆ ಇನ್ಮೇಲೆ ನನಗೆ ಆ ಬೆಟ್ಟ ಕಾಣ್ತೈತೆ."

ಬಸ್ ಸ್ಟ್ಯಾಂಡಿಗೆ ನಡೆದೇ ಬಂದೆವು. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ದಾವಣಗೆರೆ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು. ನಾನೇ ಎಳೆದುಕೊಂಡು ಬಂದು ಈ ಹುಡುಗಿಗೆ ಇದ್ದೊಂದು ತಾಯಿಮನೆಯನ್ನೂ ಕಳೆದೆನಲ್ಲ ಅನ್ನಿಸಿತು. ಏನಾದರೂ ಒಳ್ಳೆಯದು ಹೇಳಬೇಕು ಅಂತ, ಹೋಗಲಿ ಬಿಡಿ ಮೇಡಂ, ಎಲ್ಲ ಹೇಳಿ ಆಯ್ತಲ್ಲ, ಇನ್ನಾದರೂ ಹಗುರಾಗಿರಿ ಅಂದೆ.

"ಎಲ್ಲ ಹೇಳಲಿಲ್ಲ ಸಿಸ್ಟರ್" ಅಂದರು.

ನಾನು ಅವರ ಕಡೆ ನೋಡಿದೆ. ಅವರು ಬರುವ ಬಸ್ಸುಗಳ ಬೋರ್ಡು ಓದುತ್ತಿದ್ದರು.

"ಎರಡು ಸಲ ಅಂತ ನಿಮಗೂ ಹೇಳಿದ್ದೆ. ಮೂರು ಸಲ ಕೂಗಿದ. ಮೂರನೇದು ನನ್ನ ಹೆಸರಲ್ಲ. ನಾನು ಇನ್ನೂ ಸರಪಳಿ ಹಿಡ್ಕೊಂಡು ನಿಂತೇ ಇದ್ದೆ, ಅಷ್ಟರಾಗೆ ಅವ್ವಾ ಅಂದ. ಅದರ ದನಿ ಬದಲಾಯ್ತು, ಅದು ಹತ್ರ ಬಂತು ಅಂತ ನಾನು ಓಡಿದೆ. ಕಿವಿ ಮುಚ್ಕೊಂಡು ಓಡಿದೆ."

ಆ ತಾಯಿ ಬಾಯಿಬಿಟ್ಟು ಅದೊಂದೇ ಕೇಳಿದಳಲ್ಲ, ಯಾಕೆ ಇಲ್ಲ ಅಂದಿರಿ ಅಂತ ಕೇಳಿದೆ.

"ಓಗೊಡದೇ ಇರೋ ಕೂಗನ್ನ ಕಿವಿಯೊಳಗೆ ಇಟ್ಕೊಂಡು ಬದುಕೋದು ಹೆಂಗೆ ಅಂತ ನನಗೆ ಗೊತ್ತೈತೆ. ಅವರಿಗೆ ಅದು ಬ್ಯಾಡ," ಅಂದರು ಮೇಡಂ. ಇಷ್ಟು ಹೇಳಿ, ನಾನು ಮಾಡಿದ್ದು ಸರಿನಾ ಸಿಸ್ಟರ್ ಅಂತ ನನ್ನ ಮುಖ ನೋಡಿದರು. ಬಸ್ಸು ಬಂದು ನಿಂತಿತ್ತು.

ಸರಿ ಅಂದೆ. ನನಗೂ ಇಬ್ಬರು ಮಕ್ಕಳಿದ್ದಾರೆ. ನಾನು ಆ ತಾಯಿಯ ಜಾಗದಲ್ಲಿದ್ದರೆ, ಅವ್ವಾ ಅಂತ ಕರೆದ ಅನ್ನೋ ಮಾತೇ ಕಿವಿಗೆ ಬೀಳಬೇಕಿತ್ತು ನನಗೆ.